ಕಥೆನೇ ಇಲ್ಲದ ಸಿನಿಮಾಲಿ ಪ್ರೀತಿ, ದೇವ್ರು: ಐದರಲ್ಲಿ ನಿಮಗೆ ಯಾವ್ದು?

ಕಥೆ ಅಂತ ಏನೂ ಇಲ್ದೆ ಕವಿತೆ ತರ ಹೋಗೋ ಸಿನಿಮಾ ನೋಡ್ಬೇಕು, ಅದರಲ್ಲಿ ಪ್ರೀತಿನೂ ಇರ್ಬೇಕು ದೇವರ ವಿಷ್ಯನೂ ಇರ್ಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ ಕೋಲಾರದ ಗೆಳೆಯರು ಆಗಾಗ ಕೇಳ್ತಿರ್ತಾರೆ. ಇದಕ್ಕೆ ಎಲ್ಲಾ ಕಡೆ ಸಿಗೋದು ಒಂದು ಪಟ್ಟಿ, ಮೇಲ್ಗಡೆ ಅತಿ ದೊಡ್ಡ ಹೆಸರು, ಕೆಳಗಡೆ ಸಣ್ಣ ಹೆಸರು. ಆ ಪಟ್ಟಿ ಹಿಡ್ಕೊಂಡು ಹೋದೋರು ಮೊದಲನೇ ಸಿನಿಮಾಲೇ ಅರ್ಧ ಗಂಟೆಗೆ ಸುಸ್ತಾಗಿ, ಇದು ನಮಗಲ್ಲ ಬಿಡಿ, ಓದಿರೋರಿಗೆ ಮಾತ್ರ ಅಂತ ಎದ್ದು ಹೋಗ್ತಾರೆ. ನಂಗೆ ಇದು ನಿಜವಾಗ್ಲೂ ಬೇಜಾರು. ಯಾಕಂದ್ರೆ ರಾತ್ರಿಯೆಲ್ಲಾ ತಂಬೂರಿ ಹಿಡ್ಕೊಂಡು ತತ್ವಪದ ಹೇಳೋರ ಮುಂದೆ ಕೂತು ಬೆಳಗು ಮಾಡಿರೋ ಜನ ನಾವು, ಅಲ್ಲಿ ಯಾವ ಕಥೆ ಇತ್ತು, ಒಂದು ಪದ ಮುಗೀತು ಇನ್ನೊಂದು ಬಂತು ಅಷ್ಟೇ ಅಲ್ವಾ, ಆದ್ರೂ ಯಾರೂ ಎದ್ದು ಹೋಗಿಲ್ಲ.

ಅದ್ಕೆ ನಾನು ಆರಿಸೋ ರೀತಿನೇ ಬೇರೆ. ನಿರ್ದೇಶಕ ಎಷ್ಟು ದೊಡ್ಡೋನು ಅಂತ ನೋಡಲ್ಲ. ಈ ಸಿನಿಮಾಲಿ ಪ್ರೀತಿ ಯಾವ ಕಡೆಯಿಂದ ದೇವರ ಹತ್ರ ಹೋಗುತ್ತೆ, ಮತ್ತೆ ಆ ದಾರಿ ನಂಗೆ ಈಗಾಗ್ಲೇ ಗೊತ್ತಾ, ಇವೆರಡನ್ನ ನೋಡ್ತೀನಿ. ಒಂದರಲ್ಲಿ ಇಲ್ಲದೇ ಇರೋ ಹೆಂಡ್ತಿ ಎಲ್ಲಾ ಕಡೆ ಕಾಣ್ತಾಳೆ, ಇನ್ನೊಂದರಲ್ಲಿ ದೇವದೂತನೇ ಪ್ರೀತಿಗೋಸ್ಕರ ಕೆಳಗೆ ಬರ್ತಾನೆ, ಮತ್ತೊಂದರಲ್ಲಿ ಗಂಡನೂ ಮಾತಾಡಲ್ಲ ದೇವರೂ ಮಾತಾಡಲ್ಲ, ಒಂದರಲ್ಲಿ ಅಮ್ಮನ ನೆನಪೇ ಪ್ರಾರ್ಥನೆ ಆಗುತ್ತೆ, ಕೊನೇದರಲ್ಲಿ ಕವಿ ಪ್ರೀತಿ ಬಿಟ್ಟು ಮಠ ಸೇರ್ತಾನೆ. ದಾರಿ ಗೊತ್ತಿದ್ರೆ ಕಥೆ ಇಲ್ಲ ಅನ್ನೋದು ತೊಂದ್ರೆನೇ ಆಗಲ್ಲ.

ಹಾಗಾಗಿ ನಮ್ಮ ಕಡೆಯೋರಿಗೆ ನಾನು ಮೊದಲು ಹೇಳೋದು ಜಿ. ಅರವಿಂದನ್ ಅವರ ಕಾಂಚನ ಸೀತ. 1977ರ ಮಲಯಾಳಂ ಸಿನಿಮಾ, ಸುಮಾರು ಒಂದೂವರೆ ಗಂಟೆ. ಸಿ.ಎನ್. ಶ್ರೀಕಂಠನ್ ನಾಯರ್ ಅವರ ನಾಟಕದಿಂದ ಬಂದಿದ್ದು, ಆದ್ರೆ ನಾಟಕದ ಮಾತುಗಳನ್ನ ಹೆಚ್ಚುಕಮ್ಮಿ ಪೂರ್ತಿ ತೆಗೆದು ಹಾಕಿದಾರೆ. ಸೀತೆನ ಕಾಡಿಗೆ ಕಳಿಸಿದ ಮೇಲಿನ ರಾಮನ ದಿನಗಳು, ಅಶ್ವಮೇಧ ಮಾಡ್ಬೇಕು ಅಂದ್ರೆ ಪಕ್ಕದಲ್ಲಿ ಹೆಂಡ್ತಿ ಇರ್ಬೇಕು, ಇಲ್ಲ, ಅದ್ಕೆ ಬಂಗಾರದ ಗೊಂಬೆ. ಉತ್ತರಕಾಂಡ ನಮಗೆಲ್ಲ ಹರಿಕಥೆಲಿ, ಅಜ್ಜಿ ಬಾಯಲ್ಲಿ ಕೇಳಿ ಗೊತ್ತಿರೋದೇ, ಹಾಗಾಗಿ ಮುಂದೇನಾಗುತ್ತೆ ಅಂತ ಯಾರೂ ಕಾಯಲ್ಲ, ಕಣ್ಣು ಬಿಟ್ಕೊಂಡು ನೋಡೋದೊಂದೇ ಕೆಲ್ಸ. ಇದೇ ಈ ಸಿನಿಮಾದ ದೊಡ್ಡ ಅನುಕೂಲ, ಬೇರೆ ನಾಲ್ಕಕ್ಕೂ ಇದು ಇಲ್ಲ.

ಇದರಲ್ಲಿ ಸೀತೆ ಪಾತ್ರ ಮಾಡಿರೋ ನಟಿನೇ ಇಲ್ಲ! ಗಾಳಿ ಬೀಸುತ್ತೆ, ಎಲೆ ಅಲ್ಲಾಡುತ್ತೆ, ಮಳೆ ಬರುತ್ತೆ, ರಾಮ ನಿಂತು ನೋಡ್ತಾನೆ, ಅದೇ ಸೀತೆ. ಪ್ರಕೃತಿ ಪುರುಷ ಅಂತ ನಮ್ಮ ಹಳೇ ಸಾಂಖ್ಯ ದರ್ಶನದಲ್ಲಿ ಬರುತ್ತಲ್ಲ, ಅದನ್ನ ಯಾರ ಬಾಯಲ್ಲೂ ಉಪನ್ಯಾಸ ಮಾಡಿಸ್ದೆ ಬರೀ ಮರಗಿಡದಲ್ಲೇ ತೋರಿಸಿದಾರೆ. ಅಕ್ಕಮಹಾದೇವಿ ಗಿಳಿ, ಕೋಗಿಲೆ, ಹಂಸನೆಲ್ಲ ನಿಲ್ಲಿಸಿ ನನ್ನ ಚೆನ್ನಮಲ್ಲಿಕಾರ್ಜುನನ್ನ ಕಂಡ್ರಾ ಅಂತ ಕೇಳ್ತಾಳಲ್ಲ, ಆ ವಿರಹ ಗೊತ್ತಿರೋರಿಗೆ ಇಲ್ಲಿ ರಾಮನ ನೋಟ ಒಂದೇ ಸಲಕ್ಕೆ ಅರ್ಥ ಆಗುತ್ತೆ. ರಾಮ ಲಕ್ಷ್ಮಣರಾಗಿ ನಿಂತಿರೋದು ಆಂಧ್ರದ ರಾಮ ಚೆಂಚು ಬುಡಕಟ್ಟಿನೋರು, ಕಿರೀಟ ಇಲ್ಲ ಅರಮನೆ ಇಲ್ಲ, ಚಿತ್ರೀಕರಣನೂ ಆಂಧ್ರದ ಕಾಡಲ್ಲೇ. ಆ ಮುಖಗಳು, ಆ ಒಣಗಿದ ಬಂಡೆ ನೆಲ ನಮಗೆ ಹೊಸದಲ್ಲ. ಕ್ಯಾಮೆರಾ ಶಾಜಿ ಎನ್. ಕರುಣ್. ಸಂಗೀತ ನಮ್ಮ ಸರೋದ್ ವಾದಕ ರಾಜೀವ ತಾರಾನಾಥರದ್ದು, ಇದನ್ನ ಎಷ್ಟೋ ಕನ್ನಡದೋರು ಗಮನಿಸೇ ಇಲ್ಲ, ಮಾತು ಇಲ್ಲದಿರೋ ಕಡೆಯೆಲ್ಲಾ ಅವರ ಸಂಗೀತನೇ ಮಾತಾಡುತ್ತೆ. ಕೊನೆಗೆ ರಾಮ ಸರಯೂ ನದಿಗೆ ಇಳೀತಾನೆ, ಅದೂ ನಮಗೆ ಗೊತ್ತಿರೋದೇ, ಆದ್ರೆ ಅವನು ಇಳೀತಿರೋದು ನೀರಿಗಾ ಸೀತೆಗಾ ಅನ್ನೋದು ಆ ಹೊತ್ತಿಗೆ ಬೇರೆ ಬೇರೆ ಅನ್ಸಲ್ಲ.

ಮುಳಬಾಗಿಲು ಹತ್ರ ಆವಣಿ ಬೆಟ್ಟ ಹತ್ತಿರೋರಿಗೆ ಇನ್ನೊಂದು ವಿಷ್ಯ. ಅಲ್ಲೇ ವಾಲ್ಮೀಕಿ ಆಶ್ರಮ ಇತ್ತು, ಲವಕುಶ ಹುಟ್ಟಿದ್ದು ಅಲ್ಲೇ ಅಂತ ನಮ್ಮೋರ ನಂಬಿಕೆ, ಮೇಲೆ ಸೀತಮ್ಮನ ಗುಡಿ ಇದೆ. ಅಂದ್ರೆ ಸಿನಿಮಾಲಿ ರಾಮ ಯಾರನ್ನ ಹುಡುಕ್ತಿದಾನೋ ಅವಳು ನಮ್ಮ ಬೆಟ್ಟದ ಮೇಲಿದಾಳೆ. ಸಿನಿಮಾ ನೋಡಿದ ಮೇಲೆ ಒಂದು ಭಾನುವಾರ ಆ ಬೆಟ್ಟಕ್ಕೆ ಹೋಗಿ ಬನ್ನಿ, ಅಥವಾ ಹೋಗಿ ಬಂದ ಮೇಲೆ ಸಿನಿಮಾ ನೋಡಿ, ಎರಡೂ ಚೆನ್ನಾಗಿರುತ್ತೆ. ಕೊರತೆ ಅಂದ್ರೆ ಒಳ್ಳೆ ಪ್ರಿಂಟ್ ಸಿಗೋದು ಕಷ್ಟ, ಬಣ್ಣ ಮಾಸಿರೋದು ಸಿಗುತ್ತೆ. ಅರವಿಂದನ್ ಅವರದ್ದೇ ಕುಮ್ಮಾಟ್ಟಿ ಮತ್ತೆ ತಂಪ್ ಎರಡನ್ನೂ ಹಳೇ ಸಿನಿಮಾ ಉಳಿಸೋ ಕೆಲ್ಸ ಮಾಡೋ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನೋರು ಹೊಸದಾಗಿ ರಿಸ್ಟೋರ್ ಮಾಡಿಸಿದಾರೆ, ಚಿತ್ರದ ಕ್ವಾಲಿಟಿನೇ ಮುಖ್ಯ ಅನ್ನೋರು ಆ ಎರಡರಲ್ಲಿ ಒಂದನ್ನ ಹಿಡೀಬಹುದು, ಆದ್ರೆ ಪ್ರೀತಿ ಮತ್ತೆ ದೇವ್ರು ಅನ್ನೋ ವಿಷ್ಯಕ್ಕೆ ಕಾಂಚನ ಸೀತನೇ.

ರಾಮಾಯಣದ ಕಡೆ ಅಷ್ಟು ಮನಸಿಲ್ಲ, ಅಥವಾ ಸ್ವಲ್ಪನಾದ್ರೂ ಕಥೆ ಇದ್ರೆ ಹಿಡ್ಕೊಂಡು ಹೋಗ್ಬಹುದು ಅನ್ನೋರಿಗೆ ವಿಮ್ ವೆಂಡರ್ಸ್ ಅವರ ವಿಂಗ್ಸ್ ಆಫ್ ಡಿಸೈರ್. 1987ರ ಜರ್ಮನ್ ಸಿನಿಮಾ, ಎರಡು ಗಂಟೆ ಮೇಲೆ ಸ್ವಲ್ಪ. ಊರನ್ನ ಎರಡು ಮಾಡಿದ್ದ ಗೋಡೆ ಇನ್ನೂ ಇದ್ದ ಬರ್ಲಿನ್ ಊರಲ್ಲಿ ದೇವದೂತರು ಉದ್ದ ಕೋಟ್ ಹಾಕ್ಕೊಂಡು ಓಡಾಡ್ತಿರ್ತಾರೆ, ಬಸ್ಸಲ್ಲಿ, ಲೈಬ್ರರಿಲಿ, ಮನೆಗಳಲ್ಲಿ ಜನರ ಮನಸಿನ ಮಾತು ಕೇಳಿಸ್ಕೊತಾರೆ, ಭುಜದ ಮೇಲೆ ಕೈ ಇಡ್ತಾರೆ, ಅದಕ್ಕಿಂತ ಜಾಸ್ತಿ ಏನೂ ಮಾಡೋಕಾಗಲ್ಲ. ಅವರಿಗೆ ಲೋಕ ಬ್ಲ್ಯಾಕ್ ಆಂಡ್ ವೈಟಲ್ಲಿ ಕಾಣುತ್ತೆ. ಅದರಲ್ಲಿ ಒಬ್ಬ, ಡೇಮಿಯಲ್, ಸರ್ಕಸ್‌ನ ಟ್ರಪೀಜ್ ಹುಡುಗಿನ ನೋಡಿ ಮನುಷ್ಯ ಆಗೋಕೆ ಇಳಿದು ಬರ್ತಾನೆ, ಬಂದ ತಕ್ಷಣ ಬಣ್ಣ ಕಾಣುತ್ತೆ, ತಲೆಗೆ ಪೆಟ್ಟಾಗಿ ರಕ್ತ ಬರುತ್ತೆ ಅದನ್ನೂ ರುಚಿ ನೋಡ್ತಾನೆ, ರಸ್ತೆ ಬದಿ ಬಿಸಿ ಕಾಫಿ ಕುಡೀತಾನೆ. ನಮ್ಮಲ್ಲಿ ಮನುಷ್ಯ ಮೇಲೆ ಹತ್ತಿ ದೇವರನ್ನ ಸೇರೋ ಮಾತೇ ಜಾಸ್ತಿ. ಇಲ್ಲಿ ಉಲ್ಟಾ, ಅಮರತ್ವ ಇರೋನೇ ಅದನ್ನ ಬಿಟ್ಟು ಸಾಯೋ ದೇಹ ಬೇಕು ಅಂತಾನೆ, ಆ ಆಸೆನ ಸಿನಿಮಾ ಒಂದು ಕ್ಷಣನೂ ಕೀಳಾಗಿ ನೋಡಲ್ಲ. ಕಪ್ಪು ಬಿಳುಪಿನ ಭಾಗಕ್ಕೆ ಕ್ಯಾಮೆರಾಮನ್ ಆನ್ರಿ ಅಲೆಕಾನ್ ತಮ್ಮ ಅಜ್ಜಿಯ ಹಳೇ ರೇಷ್ಮೆ ಕಾಲುಚೀಲನ ಲೆನ್ಸ್‌ಗೆ ಫಿಲ್ಟರ್ ಆಗಿ ಬಳಸಿದ್ರಂತೆ, ಆ ಮೃದು ಬೆಳಕು ಬೇರೆ ಎಲ್ಲೂ ನೋಡಿಲ್ಲ ನಾನು.

ಇದರ ತೊಂದ್ರೆ ಮಾತು. ಪೀಟರ್ ಹ್ಯಾಂಡ್ಕೆ ಬರೆದಿರೋ ಸ್ವಗತಗಳು ತುಂಬಾ ಇವೆ, ಸಬ್‌ಟೈಟಲ್ ಓದ್ತಾ ಓದ್ತಾ ಮುಖ ನೋಡೋದು ತಪ್ಪಿ ಹೋಗುತ್ತೆ, ಕೊನೇಲಿ ಆ ಹುಡುಗಿ ಆಡೋ ಮಾತಂತೂ ಉದ್ದ ಆಯ್ತು ಅನ್ಸುತ್ತೆ. ಆದ್ರೂ ಮೊದಲ ಸಲ ಈ ತರದ್ದು ನೋಡೋರಿಗೆ, ವಯಸ್ಸಲ್ಲಿ ಚಿಕ್ಕೋರಿಗೆ, ಈಗಷ್ಟೇ ಪ್ರೀತಿಲಿ ಬಿದ್ದಿರೋರಿಗೆ ಇದನ್ನ ಧೈರ್ಯವಾಗಿ ಹೇಳ್ತೀನಿ. ಐದರಲ್ಲಿ ಖುಷಿಯಾಗಿ ಮುಗಿಯೋದು ಇದೊಂದೇ.

ಈಗ ಟೆರೆನ್ಸ್ ಮಲಿಕ್ ಅವರ ಟು ದಿ ವಂಡರ್, 2012. ಇದರ ಬಗ್ಗೆ ಜಗಳ ಜಾಸ್ತಿ. ಎಷ್ಟೋ ಜನ ಖಾಲಿ ಅಂದ್ರು, ಬರೀ ಹುಲ್ಲುಗಾವಲಲ್ಲಿ ಗಿರಗಿರ ತಿರುಗೋ ಹೆಂಗಸು ಅಂದ್ರು. ನಂಗೆ ಇದು ಐದರಲ್ಲಿ ಅತಿ ಹೆಚ್ಚು ಪ್ರಾಮಾಣಿಕ ಸಿನಿಮಾ. ಕಥೆ ಹೇಳಿದ್ರೆ ನಾಲ್ಕೇ ಸಾಲು: ಮರೀನಾ ಅನ್ನೋ ಹೆಂಗಸು ಫ್ರಾನ್ಸಲ್ಲಿ ನೀಲ್ ಅನ್ನೋನ್ನ ಪ್ರೀತಿಸಿ ಮಗಳ ಜೊತೆ ಅವನ ಊರು ಅಮೆರಿಕದ ಓಕ್ಲಹೋಮಾಗೆ ಬರ್ತಾಳೆ, ಅಲ್ಲಿ ಪ್ರೀತಿ ಒಣಗುತ್ತೆ, ವೀಸಾ ಮುಗಿದು ವಾಪಸ್ ಹೋಗ್ತಾಳೆ, ಅವನು ಹಳೇ ಗೆಳತಿ ಜೊತೆ ಸ್ವಲ್ಪ ದಿನ ಇರ್ತಾನೆ, ಅವಳು ಮತ್ತೆ ಬರ್ತಾಳೆ, ಮದುವೆ ಆಗ್ತಾರೆ, ಮತ್ತೆ ಒಡೆಯುತ್ತೆ. ಇದಿಷ್ಟೂ ಎದುರುಬದುರು ನಿಂತು ಮಾತಾಡೋದ್ರಲ್ಲಿ ಬರಲ್ಲ, ಅರ್ಧ ಅರ್ಧ ವಾಕ್ಯದ ಪಿಸುಮಾತಲ್ಲಿ ಬರುತ್ತೆ, ಅವಳದ್ದು ಫ್ರೆಂಚಲ್ಲಿ, ಅದೇ ಊರಿನ ಪಾದ್ರಿ ಕಿಂಟಾನಾದು ಸ್ಪ್ಯಾನಿಷಲ್ಲಿ. ಇಮಾನ್ಯುಯೆಲ್ ಲುಬೆಜ್ಕಿ ಕ್ಯಾಮೆರಾ ಒಂದು ಕಡೆ ನಿಲ್ಲಲ್ಲ, ಅವರ ಹಿಂದೆ ಮುಂದೆ ಸುತ್ತುತ್ತೆ.

ಪಾದ್ರಿಯ ಭಾಗನೇ ಈ ಸಿನಿಮಾದ ಜೀವ. ಅವನು ಜೈಲಿಗೆ ಹೋಗ್ತಾನೆ, ಕಾಯಿಲೆಯೋರ ಹತ್ರ ಹೋಗ್ತಾನೆ, ಬಡವರ ಬೀದಿಲಿ ಓಡಾಡ್ತಾನೆ, ಎಲ್ಲರಿಗೂ ದೇವರ ಪ್ರೀತಿ ಬಗ್ಗೆ ಹೇಳ್ತಾನೆ, ಅವನಿಗೆ ಮಾತ್ರ ಆ ದೇವರು ಕಾಣ್ತಾ ಇಲ್ಲ. ಚರ್ಚಲ್ಲಿ ಕೆಲಸ ಮಾಡೋ ಒಬ್ಬ ಮುದುಕ ಬಣ್ಣದ ಗಾಜಿಂದ ಬರೋ ಬಿಸಿಲಿಗೆ ಕೈ ಇಟ್ಟು ಆ ಬೆಳಕಿನ ಬಿಸಿ ನಂಗೆ ತಟ್ಟುತ್ತೆ ಅಂತಾನೆ, ಓದಿರೋ ಪಾದ್ರಿಗೆ ಅದು ತಟ್ಟಿಲ್ಲ. ಮರೀನಾಗೆ ಗಂಡ ಮಾತಾಡಲ್ಲ, ಪಾದ್ರಿಗೆ ದೇವ್ರು ಮಾತಾಡಲ್ಲ, ಇಬ್ಬರದ್ದೂ ಒಂದೇ ನೋವು ಅಂತ ಸಿನಿಮಾ ಎಲ್ಲೂ ಬಾಯ್ಬಿಟ್ಟು ಹೇಳಲ್ಲ, ಪಕ್ಕಪಕ್ಕ ಇಡುತ್ತೆ ಅಷ್ಟೇ. ಪಾದ್ರಿ ಮಾಡೋದೇನಂದ್ರೆ ಅನುಭವ ಬರ್ಲಿ ಬಿಡ್ಲಿ ಸೇವೆ ನಿಲ್ಲಿಸಲ್ಲ. ಪ್ರೀತಿ ಅಂದ್ರೆ ಬರೀ ಅನ್ಸೋದಲ್ಲ, ಮಾಡೋದು ಅನ್ನೋ ಅವನ ನಿಲುವು ಮದುವೆಗೂ ಹೊಂದುತ್ತೆ.

ಇನ್ನೊಂದು ಕಾರಣಕ್ಕೂ ಇದು ಕೋಲಾರದೋರು ನೋಡ್ಬೇಕಾದ ಸಿನಿಮಾ. ನೀಲ್ ಮಾಡೋ ಕೆಲ್ಸ ಏನು ಗೊತ್ತಾ, ಊರಿನ ಮಣ್ಣು ನೀರು ಟೆಸ್ಟ್ ಮಾಡೋದು. ಕಾರ್ಖಾನೆಗಳಿಂದ ನೆಲದೊಳಗೆ ವಿಷ ಇಳಿದಿದೆಯಾ ಅಂತ ನೋಡ್ತಾನೆ, ಜನ ಬಂದು ನಮ್ಮ ಮಕ್ಕಳಿಗೆ ಏನಾಗುತ್ತೆ ಅಂತ ಕೇಳ್ತಾರೆ. ಇದನ್ನ ಬೇರೆ ಕಡೆಯೋರು ಬರೀ ಸಂಕೇತ ಅಂತ ನೋಡ್ತಾರೇನೋ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಕುಡಿದು ಹಲ್ಲು ಮೂಳೆ ಹಾಳು ಮಾಡ್ಕೊಂಡಿರೋ ಊರುಗಳು ನಮ್ಮವು, 2001ರಲ್ಲಿ ಗಣಿ ಮುಚ್ಚಿದ ಮೇಲೂ ಕೆಜಿಎಫ್‌ಲಿ ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ, ಗಾಳಿಗೆ ಆ ಧೂಳು ಮನೆ ಮೇಲೆ ಬರುತ್ತೆ, 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಕೆರೆಗೆ ಬರ್ತಿದೆ, ಅದು ಒಳ್ಳೇದಾ ಕೆಟ್ಟದ್ದಾ ಅನ್ನೋ ಮಾತು ಇನ್ನೂ ನಿಂತಿಲ್ಲ. ನೆಲದಡಿ ಏನಿದೆ ಅಂತ ಅಳೆಯೋ ಗಂಡಸಿಗೆ ಮನೆಯೊಳಗೆ ಏನಾಗ್ತಿದೆ ಅಂತ ಅಳೆಯೋಕಾಗಲ್ಲ, ನೆಲ ಕೆಟ್ಟಿರೋ ಊರಲ್ಲಿ ಪ್ರೀತಿ ಬೇರು ಬಿಡೋಕೆ ಒದ್ದಾಡುತ್ತೆ. ಇಷ್ಟು ನೇರವಾಗಿ ನಮ್ಮ ಬದುಕಿಗೆ ತಾಗೋ ವಿಷ್ಯ ಒಂದು ಹಾಲಿವುಡ್ ನಟರ ಸಿನಿಮಾಲಿ ಇದೆ ಅಂತ ಯಾರೂ ಹೇಳಲ್ಲ ನೋಡಿ.

ಇದನ್ನ ಮೊದಲು ನೋಡ್ಬೇಡಿ ಆದ್ರೆ. ಮದುವೆಯಾಗಿ ಕೆಲವು ವರ್ಷ ಆದೋರು, ಅಥವಾ ಪೂಜೆ ಮಾಡ್ತಾನೇ ಇದೀನಿ ಒಳಗೆ ಏನೂ ಆಗ್ತಿಲ್ಲ ಅನ್ನೋ ಸ್ಥಿತಿಲಿರೋರು ಇದನ್ನ ತಡ್ಕೊಬಲ್ಲರು, ಅವರಿಗೇ ಇದು ಬೇಕಾಗಿರೋದು. ಹೊಸದಾಗಿ ಮದುವೆ ಆದೋರು ಜೋಡಿಯಾಗಿ ಕೂತು ನೋಡೋಕೆ ಇದಲ್ಲ, ಅವರು ವೆಂಡರ್ಸ್ ನೋಡ್ಲಿ. ಇದಕ್ಕೂ ಕಾಂಚನ ಸೀತಗೂ ಇರೋ ದೊಡ್ಡ ವ್ಯತ್ಯಾಸ ಏನಂದ್ರೆ, ಅಲ್ಲಿ ಇಲ್ಲದಿರೋಳು ಪ್ರಕೃತಿಯಾಗಿ ತುಂಬ್ಕೊತಾಳೆ, ಇಲ್ಲಿ ಎಷ್ಟು ಸುಂದರ ಪ್ರಕೃತಿ ಇದ್ರೂ ಪಕ್ಕದಲ್ಲಿರೋನೇ ಇಲ್ಲ ಅನ್ಸುತ್ತೆ. ಒಂದೇ ವಾರ ಎರಡನ್ನೂ ನೋಡಿದ್ರೆ ಇದು ಚೆನ್ನಾಗಿ ಗೊತ್ತಾಗುತ್ತೆ.

ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ ಮಿರರ್ (1975) ಗಂಡು ಹೆಣ್ಣಿನ ಪ್ರೀತಿಗಿಂತ ಅಮ್ಮನ ಬಗ್ಗೆ, ಹಳೇ ಮನೆ ಬಗ್ಗೆ. ಸಾಯೋ ಹೊತ್ತಲ್ಲಿರೋ ಒಬ್ಬನ ನೆನಪು, ಕನಸು, ಮಧ್ಯೆ ಯುದ್ಧದ ನ್ಯೂಸ್‌ರೀಲ್, ಎಲ್ಲಾ ಹಿಂದೆಮುಂದೆ. ಅಮ್ಮನಾಗಿ ಮತ್ತೆ ಹೆಂಡ್ತಿಯಾಗಿ ಒಬ್ಬಳೇ ನಟಿ, ಮಾರ್ಗರೀಟಾ ತೆರೆಖೋವಾ, ಇದನ್ನ ಮೊದಲೇ ತಿಳ್ಕೊಂಡು ಕೂತ್ರೆ ಅರ್ಧ ಗೊಂದಲ ಇರಲ್ಲ. ನಿರ್ದೇಶಕನ ಅಪ್ಪ ಅರ್ಸೇನಿ ದೊಡ್ಡ ಕವಿ, ಅವರ ಕವಿತೆ ಅವರದೇ ದನಿಲಿ ಬರುತ್ತೆ, ಮುದುಕಿಯಾಗಿ ಕಾಣೋದು ನಿರ್ದೇಶಕನ ಸ್ವಂತ ತಾಯಿ. ಮನೆ ಬಿಟ್ಟು ಹೋದ ಅಪ್ಪನ ಪ್ರೇಮ ಕವಿತೆ, ಅವನಿಗೆ ಕಾಯ್ತಾ ಬೇಲಿ ಮೇಲೆ ಕೂತ ಅಮ್ಮ, ಎರಡನ್ನೂ ಮಗ ಒಟ್ಟಿಗೆ ಸೇರಿಸಿದಾನೆ, ಜೀವನದಲ್ಲಿ ಆಗದೇ ಇದ್ದಿದ್ದು. ದೇವರ ಹೆಸರು ಜಾಸ್ತಿ ಬರಲ್ಲ, ಬಾಖ್ ಸಂಗೀತ ಬರುತ್ತೆ, ಗಾಳಿ ಹೊಲದ ಮೇಲೆ ಬೀಸ್ಕೊಂಡು ಬರುತ್ತೆ, ಮೈ ಜುಂ ಅನ್ನುತ್ತೆ.

ರೈತರ ಮನೆಯೋರಿಗೆ ಇದರ ಹಿಂದಿನ ಒಂದು ಸಂಗತಿ ಹೇಳ್ಲೇಬೇಕು. ತಾರ್ಕೋವ್‌ಸ್ಕಿ ತನ್ನ ಬಾಲ್ಯದ ಮನೆನ ಅದೇ ಜಾಗದಲ್ಲಿ ಮತ್ತೆ ಕಟ್ಟಿಸಿದ, ಆದ್ರೆ ಅವನ ನೆನಪಲ್ಲಿ ಮನೆ ಮುಂದಿನ ಹೊಲ ಬಕ್‌ವೀಟ್ ಅನ್ನೋ ಧಾನ್ಯದ ಹೂವಿಂದ ಬೆಳ್ಳಗಿತ್ತು, ಈಗ ಅಲ್ಲಿ ಬೇರೆ ಬೆಳೆ. ಇಲ್ಲಿ ಅದು ಬೆಳೆಯಲ್ಲ, ಮಣ್ಣು ಸರಿ ಇಲ್ಲ ಅಂದ್ರು ಅಲ್ಲಿನ ರೈತರು. ಇವನು ಹೊಲನೇ ಬಾಡಿಗೆಗೆ ತಗೊಂಡು ಬಿತ್ತಿಸಿದ, ಬೆಳೀತು, ಹೂ ಬಿಡ್ತು. ಬಿತ್ತಿ, ಹೂ ಬಿಡೋವರೆಗೂ ಕಾದು ತೆಗೆದಿರೋ ದೃಶ್ಯ ಅಂತ ಗೊತ್ತಿದ್ರೆ ಆ ಹೊಲನ ನೋಡೋ ರೀತಿನೇ ಬದಲಾಗುತ್ತೆ. ಅಪ್ಪ ಅಮ್ಮಗೆ ವಯಸ್ಸಾಗ್ತಿರೋರು, ಊರ ಮನೆ ಮಾರಿರೋರು, ಸೈಟ್ ಆಗಿ ಹೋಗಿರೋ ಹೊಲದ ಮುಂದೆ ಬೈಕ್ ನಿಲ್ಲಿಸಿ ನೋಡಿರೋರು ಇದನ್ನ ಆರಿಸ್ಕೊಳಿ. ರಷ್ಯಾದ ಸಿನಿಮಾ ಸ್ಟುಡಿಯೋ ಮಾಸ್‌ಫಿಲ್ಮ್‌ನೋರ ಯೂಟ್ಯೂಬ್ ಚಾನೆಲ್‌ಲಿ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಸಿಗುತ್ತೆ, ದುಡ್ಡು ಕೊಡ್ಬೇಕಿಲ್ಲ.

ಸರ್ಗೈ ಪರಾಜನೋವ್ ಅವರ ದಿ ಕಲರ್ ಆಫ್ ಪಾಮ್‌ಗ್ರಾನೆಟ್ಸ್ (1969) ಐದರಲ್ಲಿ ಅತಿ ಚಿಕ್ಕದು, ಒಂದೂಕಾಲು ಗಂಟೆ ಆಸುಪಾಸು, ಹಾಗಂತ ಅತಿ ಸುಲಭ ಅಲ್ಲ. ಮಾತು ಇಲ್ಲ ಅನ್ನೋಷ್ಟು ಕಮ್ಮಿ, ಕ್ಯಾಮೆರಾ ಅಲ್ಲಾಡಲ್ಲ, ಜನ ನಮ್ಮ ಕಡೆ ಮುಖ ಮಾಡಿ ಗುಡಿ ಗೋಡೆ ಮೇಲಿನ ಚಿತ್ರದ ತರ ನಿಂತಿರ್ತಾರೆ. 18ನೇ ಶತಮಾನದ ಸಯಾತ್ ನೋವಾ ಅನ್ನೋ ಅರ್ಮೇನಿಯದ ಕವಿಯ ಬದುಕು, ಅರಮನೆಲಿ ಪ್ರೇಮದ ಹಾಡು ಹಾಡ್ತಿದ್ದೋನು ಮಠ ಸೇರ್ತಾನೆ. ಯೌವನದ ಕವಿಯಾಗೂ ಅವನ ಪ್ರೇಯಸಿಯಾಗೂ ಒಬ್ಬಳೇ ನಟಿ, ಸೋಫಿಕೋ ಚಿಯೌರೆಲಿ. ಪ್ರೀತಿಸೋನು ಪ್ರೀತಿಸಿದೋಳು ಒಂದೇ ಮುಖ ಅಂತ ಕಣ್ಣಿಗೇ ಕಾಣೋ ಹಾಗೆ ಮಾಡಿದಾರೆ, ಶರಣ ಸತಿ ಲಿಂಗ ಪತಿ ಅನ್ನೋದನ್ನ ಕೇಳಿ ಬೆಳೆದೋರಿಗೆ ಇದು ವಿಚಿತ್ರ ಅನ್ಸಲ್ಲ.

ಸಯಾತ್ ನೋವಾ ಅರ್ಮೇನಿಯನ್, ಜಾರ್ಜಿಯನ್, ಅಜೆರಿ ಮೂರು ಭಾಷೆಲಿ ಹಾಡಿದೋನು. ನಮ್ಮ ಕೈವಾರ ತಾತಯ್ಯನೂ ಅದೇ ಶತಮಾನದೋರು, ಬಳೆ ಮಾರ್ತಿದ್ದೋರು ಯೋಗಿಯಾಗಿ ತೆಲುಗಲ್ಲೂ ಕನ್ನಡದಲ್ಲೂ ಪದ ಹಾಡಿದ್ರು. ಗಡಿ ಊರಲ್ಲಿ ಎರಡು ಮೂರು ಭಾಷೆ ನಾಲಿಗೆ ಮೇಲಿರೋ ಭಕ್ತ ಕವಿ ಅಂದ್ರೆ ಏನು ಅಂತ ನಮಗೆ ಯಾರೂ ವಿವರಿಸ್ಬೇಕಿಲ್ಲ. ಈ ಸಿನಿಮಾನ ಪೂರ್ತಿ ಅರ್ಥ ಮಾಡ್ಕೊಬೇಕು ಅಂತ ಕೂರ್ಬೇಡಿ, ಮಠದ ಮೇಲ್ಛಾವಣಿ ತುಂಬ ಒಣಗೋಕೆ ಹಾಕಿರೋ ಪುಸ್ತಕಗಳ ಹಾಳೆ ಗಾಳಿಗೆ ತಿರುಗೋದನ್ನ, ಬಿಳಿ ಬಟ್ಟೆ ಮೇಲೆ ದಾಳಿಂಬೆ ರಸ ಹರಡೋದನ್ನ ನೋಡಿ ಸಾಕು. ಚಿತ್ರ ಬಿಡಿಸೋರು, ಫೋಟೋ ತೆಗೆಯೋರು, ನಾಟಕದಲ್ಲಿ ರಂಗಸಜ್ಜಿಕೆ ಮಾಡೋರು ಇದರಿಂದಲೇ ಶುರು ಮಾಡಿದ್ರೂ ನಡೆಯುತ್ತೆ. ಉಳಿದೋರು ಕೊನೆಗೆ.

ಕನ್ನಡದಲ್ಲಿ ಇಂಥದ್ದು ಇಲ್ವಾ ಅಂತ ಕೇಳ್ತೀರ. ನಮ್ಮ ಹೊಸ ಅಲೆ ಸಿನಿಮಾಗಳು ಹೆಚ್ಚಾಗಿ ಕಾದಂಬರಿ, ಕಥೆಗಳಿಂದ ಬಂದವು, 1970ರ ಸಂಸ್ಕಾರ, ಆಮೇಲೆ ವಂಶವೃಕ್ಷ, ಘಟಶ್ರಾದ್ಧ, ಎಲ್ಲಾ ಗಟ್ಟಿ ಕಥೆ ಇರೋವು, ಧರ್ಮದ ಪ್ರಶ್ನೆ ಕೇಳೋದ್ರಲ್ಲಿ ಇವುಗಳಿಗೆ ಸಮ ಇಲ್ಲ. ಆದ್ರೆ ಕಥೆ ಬಿಟ್ಟು ಬರೀ ಬೆಳಕು ಗಾಳಿ ದನಿಲಿ ಪೂರ್ತಿ ಸಿನಿಮಾ ನಿಲ್ಲಿಸೋದು ನಮ್ಮಲ್ಲಿ ಕಮ್ಮಿ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಅನ್ನೋ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಕೇಳೋಕೆ ಬಂಡೆ ಮೇಲೆ ಜನ ಸುಮ್ನೆ ಕೂರ್ತಾರಲ್ಲ, ಅಂಥ ಜನ ಇರೋ ಊರಲ್ಲಿ ಅಂಥ ಸಿನಿಮಾನೂ ಹುಟ್ಟುತ್ತೆ ಅನ್ನೋ ಆಸೆ ನಂಗಿದೆ.

ನೋಡೋ ರೀತಿ ಬಗ್ಗೆ ಎರಡು ಮಾತು. ಮೊಬೈಲಲ್ಲಿ ಮಲಿಕ್ ಮತ್ತೆ ಪರಾಜನೋವ್ ನೋಡ್ಲೇಬೇಡಿ, ಲ್ಯಾಪ್‌ಟಾಪ್‌ನ ಕೇಬಲ್ ಹಾಕಿ ಟಿವಿಗೆ ಕೊಡಿ. ಕಾಂಚನ ಸೀತ ಮತ್ತೆ ಮಿರರ್‌ಗೆ ಟಿವಿಗಿಂತ ಒಳ್ಳೆ ಹೆಡ್‌ಫೋನ್ ಮುಖ್ಯ, ಗಾಳಿ ಶಬ್ದ ಕೇಳ್ದೆ ಇದ್ರೆ ಅರ್ಧ ಸಿನಿಮಾ ಹೋಯ್ತು. ಕೋಲಾರದ ಥಿಯೇಟರ್‌ಗಳಿಗೆ ಇವು ಬರಲ್ಲ, ಬೆಂಗಳೂರು ಫಿಲ್ಮ್ ಫೆಸ್ಟಿವಲ್‌ಲಿ ಹಳೇ ಸಿನಿಮಾಗಳ ವಿಭಾಗ ಇದ್ದಾಗ, ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಲಿ ಈ ತರದ್ದು ಹಾಕಿದಾಗ ಬೆಳಗಿನ ಬಸ್ ಹಿಡಿದು ಹೋಗಿ ನೋಡಿದ್ರೆ ಅದೇ ಬೇರೆ ಅನುಭವ. ಒಂದೇ ದಿನ ಎರಡು ನೋಡ್ಬೇಡಿ. ನಡುವೆ ಬೇಜಾರಾದ್ರೆ ನಿಲ್ಲಿಸಿ ಮಾರನೇ ದಿನ ಮುಂದುವರೆಸಿದ್ರೂ ಪರವಾಗಿಲ್ಲ, ಕಥೆ ಮರೆತು ಹೋಗೋ ಭಯ ಇಲ್ವಲ್ಲ. ಮನೇಲಿ ಅಮ್ಮನೋ ಅತ್ತೆನೋ ರಾಮಾಯಣ ಓದೋರಿದ್ರೆ ಕಾಂಚನ ಸೀತಗೆ ಅವರನ್ನೂ ಕೂರಿಸ್ಕೊಳಿ, ಕಥೆ ಏನು ಅಂತ ನಿಮಗಿಂತ ಚೆನ್ನಾಗಿ ಅವರೇ ಹೇಳ್ತಾರೆ, ಸೀತೆ ಯಾಕೆ ಕಾಣ್ತಿಲ್ಲ ಅಂತ ಅವರು ಕೇಳಿದಾಗ ಮಾತ್ರ ಉತ್ತರ ಕೊಡೋಕೆ ಹೋಗ್ಬೇಡಿ, ಇನ್ನೊಂದು ಹತ್ತು ನಿಮಿಷ ನೋಡೋಣ ಇರಿ ಅನ್ನಿ.